ಗೋಡೆಯಾಚೆಯೇ ಇದ್ದರು ಕಣ್ಣಿನ ಡಾಕ್ಟರು

ಏಣಿಯ ಮೇಲೆ ನಿಂತು ಗೋಡೆಗೆ ಸುಣ್ಣ ಬಳಿಯುತ್ತಿದ್ದ ಗಂಡ ಕಣ್ಣು ಮುಚ್ಚಿಕೊಂಡು ಕಿರುಚಿದಾಗ, ಕೆಳಗೆ ಸುಣ್ಣ ಕಲಸುತ್ತಿದ್ದ ಹೆಂಡತಿಯ ಜೀವ ಬಾಯಿಗೆ ಬಂತು. ಒಂದು ಕಣ್ಣಿಗೆ ಸುಣ್ಣ ಹಾರಿತ್ತು. ತಕ್ಷಣ ನೀರಲ್ಲಿ ತೊಳೆಯಬೇಕೆಂದು ಅವಳಿಗೆ ಯಾರು ಹೇಳಿದ್ದರು? ಬಟ್ಟೆಯಿಂದ ಒರೆಸಿ, ಆಟೋ ಹತ್ತಿಸಿ, ಸೀದಾ ದೊಡ್ಡಾಸ್ಪತ್ರೆಗೆ ಕರೆತಂದಳು.

"ಮೊದಲು ಚೀಟಿ ಮಾಡ್ಸಿ," ಎಂದರು ಚೀಟಿ ಕೊಡುವ ಕಿಟಕಿಯವರು.

"ಕಣ್ಣು ಉರಿದುಹೋಗ್ತಿದೆ ಸ್ವಾಮಿ!"

"ಇಲ್ಲಿ ಎಲ್ರಿಗೂ ಅರ್ಜೆಂಟೇ. ಸಾಲಲ್ಲಿ ನಿಲ್ಲಿ."

ಚೀಟಿಯ ಸಾಲು ಮುಗಿದರೆ ಸಾಮಾನ್ಯ ವಿಭಾಗದ ಸಾಲು. ಅಲ್ಲಿ ಬರೆಸಿಕೊಂಡರೆ ಮಾತ್ರ ಕಣ್ಣಿನ ವಿಭಾಗಕ್ಕೆ ಪ್ರವೇಶ. ಅಷ್ಟು ಹೊತ್ತೂ ಒಂದು ತಂಬಿಗೆ ನೀರು ಹಾಕಿ ಆ ಕಣ್ಣು ತೊಳೆದವರಿಲ್ಲ.

ಕೊನೆಗೆ ಕಣ್ಣಿನ ಡಾಕ್ಟರಮ್ಮ ರೆಪ್ಪೆ ಬಿಡಿಸಿ ನೋಡಿ ಬೆಚ್ಚಿದರು. "ಇಷ್ಟು ತಡವಾಗಿ ಬಂದ್ರಾ?"

"ಬೆಳಿಗ್ಗೆಯಿಂದ ನಿಮ್ಮ ಗೋಡೆಯಾಚೆಯೇ ನಿಂತಿದೀವಿ!"

ಡಾಕ್ಟರಮ್ಮ ಕೂಡಲೇ ಕಣ್ಣು ತೊಳೆಸಿದರು, ಔಷಧಿ ಹಾಕಿದರು. ಆದರೂ ಆ ಕಣ್ಣು ಉಳಿಯಲಿಲ್ಲ.

ಕೆಲವು ವಾರಗಳ ನಂತರ ಡಾಕ್ಟರಮ್ಮ ಅವರ ಮನೆಗೇ ಬಂದರು. "ಆಸ್ಪತ್ರೆ ಸಭೆಯಲ್ಲಿ ಈ ಪದ್ಧತಿ ಬದಲಾಯಿಸಿ ಅಂತ ಕೇಳ್ತಿದೀನಿ. ನಡೆದಿದ್ದನ್ನ ನೀವೇ ಬಂದು ಹೇಳ್ಬೇಕು."

ಹೆಂಡತಿಗೆ ಮೈಯೆಲ್ಲ ಉರಿಯಿತು. "ಕಣ್ಣು ಹೋದ್ಮೇಲೆ ಸಭೆನಾ? ನೀವೆಲ್ಲ ಒಂದೇ ಬಿಳಿ ಕೋಟಿನವರು. ನಮ್ಮ ಮಾತಿಗೆ ಯಾರು ಸೊಪ್ಪು ಹಾಕ್ತಾರೆ?"

"ಬೈರಿ ಅಮ್ಮ, ಬೈಸಿಕೊಳ್ಳೋ ತಪ್ಪೇ ಮಾಡಿದೀವಿ. ಆದ್ರೆ ಅಲ್ಲಿ ಬಂದು ಎಲ್ರಿಗೂ ಬೈರಿ."

ಮೂಲೆಯಲ್ಲಿ ಕೂತಿದ್ದ ಗಂಡ ಎದ್ದ. "ನಡಿಯೇ, ಹೋಗೋಣ. ಇನ್ನೊಂದು ಕಣ್ಣಿದೆಯಲ್ಲ, ಅವರ ಮುಖ ನೋಡೋಕೆ ಸಾಕು."

ಸಭೆಯಲ್ಲಿ ಆಸ್ಪತ್ರೆಯ ಮುಖ್ಯಸ್ಥರು ತಣ್ಣಗೆ ಹೇಳಿದರು: "ನಿಯಮ ಮೊದಲಿಂದ ಹೀಗೇ ಇದೆ. ಇದರಲ್ಲಿ ಯಾರ ತಪ್ಪೂ ಇಲ್ಲ."

"ಯಾರ ತಪ್ಪೂ ಇಲ್ದೇ ನನ್ನ ಗಂಡನ ಕಣ್ಣು ಹೋಯ್ತಾ ಸ್ವಾಮಿ?" ಎಂದಳು ಹೆಂಡತಿ. ಅವಳ ದನಿ ತಗ್ಗಲಿಲ್ಲ.

ಸಭೆಗೆ ಬಂದಿದ್ದ ಉಳಿದ ಡಾಕ್ಟರುಗಳು ಮುಖ್ಯಸ್ಥರ ಕಡೆ ತಿರುಗಿದರು. ಕಣ್ಣಿನ ಡಾಕ್ಟರಮ್ಮ ಎದ್ದು ನಿಂತರು. "ಈ ನಿಯಮ ಆಕಾಶದಿಂದ ಬಿದ್ದಿಲ್ಲ ಸಾರ್. ಮಾಡಿದೋರು ನಾವು, ಬದಲಾಯಿಸೋರೂ ನಾವೇ ಆಗ್ಬೇಕು. ಬಾಗಿಲಲ್ಲೇ ಒಬ್ಬ ಡಾಕ್ಟರು ಕೂರಲಿ. ಮೊದಲ ಪಾಳಿ ನಂದು."

ಮೂಳೆ ಡಾಕ್ಟರೂ ಎದ್ದರು. "ಎರಡನೇದು ನಂದು." ಮಕ್ಕಳ ಡಾಕ್ಟರೂ ಕೈ ಎತ್ತಿದರು. ಮುಖ್ಯಸ್ಥರು ಮುಖ ಸಿಂಡರಿಸಿಕೊಂಡೇ ಒಪ್ಪಿದರು.

ಈಗ ಆ ಆಸ್ಪತ್ರೆಯಲ್ಲಿ ಮೊದಲು ರೋಗಿಯನ್ನು ನೋಡುತ್ತಾರೆ, ಚೀಟಿ ಆಮೇಲೆ. ಗಂಡ ಕೆಳಗೆ ನಿಂತು ಸುಣ್ಣ ಕಲಸುತ್ತಾನೆ, ಏಣಿ ಹತ್ತುವವಳು ಹೆಂಡತಿ. ಅವಳ ಸಿಟ್ಟು ಇನ್ನೂ ಆರಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಬಾಗಿಲಲ್ಲಿ ಇಣುಕಿ ಕೇಳುತ್ತಾಳೆ: "ಡಾಕ್ಟ್ರು ಕೂತಿದಾರಾ?"

ಅಣ್ಣಂದಿರೇ, ಅಕ್ಕಂದಿರೇ, ಕಣ್ಣಿಗೆ ಸುಣ್ಣ, ಸಿಮೆಂಟು ಹಾರಿದರೆ ಉಜ್ಜಬೇಡಿ. ಆ ಕ್ಷಣವೇ ಶುದ್ಧ ನೀರಿನಿಂದ ತುಂಬ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ. ಡಾಕ್ಟರೇ, ಕೊಳೆತ ಪದ್ಧತಿಯನ್ನು ಕಂಡೂ ಸುಮ್ಮನಿರಬೇಡಿ, ಮುಂದೆ ನಿಲ್ಲಿ. ಹಾಗೆ ನಿಂತ ಡಾಕ್ಟರನ್ನು ನಾವೂ ಒಂಟಿಯಾಗಿ ಬಿಡಬಾರದು. ನಿಮ್ಮೂರಿನ ಆಸ್ಪತ್ರೆಯ ಸಭೆಗೆ ಹೋಗಿ, ನಿಮಗಾದದ್ದನ್ನು ಗಟ್ಟಿಯಾಗಿ ಹೇಳಿ.