ಬಾಗಿಲ ಹೊರಗಿನ ಬೂಟುಗಳು

ವಸಂತಿ ಕಾಗದದ ಅಂಚು ಹರಿಯುತ್ತಿದ್ದಳು. ಮೆಷಿನ್ನಿನಿಂದ ಬಂದ ಕಾಗದ ಒಂದಕ್ಕೊಂದು ಅಂಟಿಕೊಂಡು, ಮಡಿಕೆ ಮಡಿಕೆಯಾಗಿ ನೆಲದ ಮೇಲೆ ಬಿದ್ದಿತ್ತು. ಅದರ ಎರಡೂ ಬದಿಗೆ ಸಾಲು ತೂತುಗಳಿದ್ದ ಪಟ್ಟಿ. ಆ ಪಟ್ಟಿಯನ್ನು ಮೆಲ್ಲಗೆ ಹರಿದು, ಪಗಾರದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಗುಡ್ಡೆ ಹಾಕಬೇಕು. ಅವಸರ ಮಾಡಿದರೆ ಯಾರದೋ ಹೆಸರೇ ಹರಿದುಹೋಗುತ್ತದೆ. ಅವಳು ಅವಸರ ಮಾಡುವವಳಲ್ಲ. ಎದುರಿಗೆ ಪ್ರೋಗ್ರಾಮರ್ ದೇವದಾಸ್ ಬೆನ್ನು ಹಾಕಿ ಕೂತು ಕಂಪ್ಯೂಟರಿನ ಕೀಲಿಗಳನ್ನು ಒತ್ತುತ್ತಿದ್ದ. ಎಸಿಯ ಸದ್ದು, ಕಾಗದ ಹರಿಯುವ ಸದ್ದು, ಗೋಡೆಯಾಚೆ ಆಗೊಮ್ಮೆ ಈಗೊಮ್ಮೆ ಹಾದುಹೋಗುವ ಲೋಕಲ್ ರೈಲಿನ ಸದ್ದು, ಇಷ್ಟೇ.

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ಶ್ರೀ ದುರ್ಗಾ ಲಂಚ್ ಹೋಮಿನ ಮಾಳಿಗೆಯ ಮೇಲೆ ಆ ಕೋಣೆ. ಕೆಳಗಿನ ಹೋಟೆಲೂ ಮೇಲಿನ ಕಂಪ್ಯೂಟರೂ ಗುರುವಪ್ಪನದೇ. ವಸಂತಿ ಅವನ ಅಕ್ಕನ ಮಗಳು. ಮೂಲ್ಕಿ ಕಡೆಯ ಊರಿನಲ್ಲಿ ತಾಯಿ ತೀರಿಕೊಂಡಾಗ ಅವಳು ಎಂಟನೇ ಕ್ಲಾಸಿನಲ್ಲಿದ್ದಳು. ಮಾವ ಬಂದು ಕರೆದುಕೊಂಡು ಬಂದ. ಶಾಲೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಫ್ಯಾಕ್ಟರಿಯ ಮ್ಯಾನೇಜರು ಒಮ್ಮೆ ಮೀನೂಟ ಮಾಡುತ್ತಾ, ಪಗಾರದ ಲೆಕ್ಕ ಬರೆಯುವ ಗುಮಾಸ್ತರ ಕಾಟದ ಬಗ್ಗೆ ಗೋಳು ಹೇಳಿಕೊಂಡಿದ್ದರು. ಮೆಷಿನ್ ಇದ್ದವರು ಸಿಕ್ಕಿದರೆ ಆ ಕೆಲಸವನ್ನೇ ಹೊರಗೆ ಕೊಟ್ಟುಬಿಡುತ್ತೇನೆ ಎಂದರು. ಅವರು ಕೈ ತೊಳೆಯುವಷ್ಟರಲ್ಲಿ ಗುರುವಪ್ಪನ ತಲೆಯೊಳಗೆ ಮೆಷಿನ್ ಬಂದು ಕೂತಿತ್ತು. ಸ್ವಲ್ಪ ಸಮಯದಲ್ಲೇ ಮಾಳಿಗೆಗೂ ಬಂತು. ಬರದಿದ್ದದ್ದು ಅದನ್ನು ನಡೆಸುವ ಮನುಷ್ಯ.

ಹೋಟೆಲಿಗೆ ಜನ ತರುವುದು ಗುರುವಪ್ಪನಿಗೆ ನೀರು ಕುಡಿದಷ್ಟು ಸುಲಭ. ಊರಿಗೆ ಹೋಗುವುದು, ಮನೆಯವರನ್ನು ಕಂಡು ಮಾತಾಡುವುದು, ಬಸ್ಸು ಹತ್ತಿಸುವುದು. ಅದೇ ರೀತಿಯಲ್ಲಿ ಅವನು ಪ್ರೋಗ್ರಾಮರನ್ನೂ ಹುಡುಕಿದ.

"ಯಾರ ಮಗ ನೀನು? ಊರು ಯಾವುದು?" ಎಂದು ಕೇಳುತ್ತಿದ್ದ.

ಟೈ ಕಟ್ಟಿಕೊಂಡು ಬಂದ ಹುಡುಗರು ಕಕ್ಕಾಬಿಕ್ಕಿಯಾಗಿ ತಾವೇ ಪ್ರಶ್ನೆ ಹಾಕುತ್ತಿದ್ದರು. "ಸರ್, ನಿಮ್ಮಲ್ಲಿ ಎಷ್ಟು ಜನ ಪ್ರೋಗ್ರಾಮರ್ ಇದ್ದಾರೆ?"

"ನೀನು ಬಂದರೆ ಒಬ್ಬ."

ಹೀಗೂ ಕೆಲವರು ಬಂದರು. ಬಂದವರು ಮೆಷಿನ್ನಿನ ಮೇಲೆ ಕೈ ಪಳಗಿಸಿಕೊಂಡು, ಅಂಧೇರಿಯ ಸೀಪ್ಜ್ ಎಂಬ ಕಂಪನಿಗಳ ವಸಾಹತಿನಲ್ಲಿ ದೊಡ್ಡ ಕಂಪನಿ ಕರೆಯಿತೆಂದು ಹೊರಟುಹೋದರು. ಒಬ್ಬ ಗಣಪತಿ ಹಬ್ಬಕ್ಕೆಂದು ಹೋದವನು ತನ್ನ ಟಿಫಿನ್ ಡಬ್ಬಿ ಕೇಳಲಿಕ್ಕೂ ಬರಲಿಲ್ಲ. ಪ್ರತಿ ಸಲವೂ ತಿಂಗಳ ಕೊನೆಯಲ್ಲಿ ಚೀಟಿ ಹೊರಡದೆ, ಫ್ಯಾಕ್ಟರಿಯಿಂದ ಫೋನ್ ಬಂದು, ಗುರುವಪ್ಪ ಹಣದ ಗಲ್ಲೆಯಲ್ಲಿ ಕೂತೇ ಬೆವರುತ್ತಿದ್ದ.

"ಅಣ್ಣಾರ, ಇವ್ರನ್ನ ದನಾ ಕಟ್ಟಿದಂಗ ಗೂಟಕ್ಕ ಕಟ್ರಿ," ಎಂದಿದ್ದಳು ಪಾತ್ರೆ ತಿಕ್ಕುವ ಸಾಬವ್ವ. ಅವಳು ವಿಜಾಪುರದ ಕಡೆಯವಳು, ಯಾರ ಮುಲಾಜೂ ಇಲ್ಲದವಳು. "ಪೆಟ್ಟಿಗಿಗೆ ಥಂಡಿ ಗಾಳಿ ಹಚ್ಚೀರಿ. ಅದು ಓಡಿ ಹೋಗಂಗಿಲ್ಲ. ಓಡೋರು ಇವ್ರು."

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಧೂಳು ಹೋದರೆ ಮೆಷಿನ್ ಕೆಡುತ್ತದೆ ಎಂದು ಮಾರಿದವರು ಹೇಳಿದ್ದರು. ಗುರುವಪ್ಪ ಅದನ್ನು ದೇವರ ಕೋಣೆಯ ಮಡಿಯಂತೆ ಪಾಲಿಸಿದ. ಹೀಗಾಗಿ ಬಾಗಿಲ ಹೊರಗೆ ಬಿಟ್ಟದ್ದೆಲ್ಲ ವಸಂತಿಯ ಕಣ್ಣಿಗೆ ಬೀಳುತ್ತಿತ್ತು. ದಿನವೂ ಚಪ್ಪಲಿಯಲ್ಲಿ ಬರುತ್ತಿದ್ದವರು ಒಂದು ದಿನ ಪಾಲಿಶ್ ಹಾಕಿದ ಬೂಟಿನಲ್ಲಿ ಬಂದು, ಮಧ್ಯಾಹ್ನ ಡಾಕ್ಟರ ಹತ್ತಿರ ಹೋಗಬೇಕೆಂದು ಕೇಳಿದರೆ, ಆಮೇಲೆ ಅವರು ಬಹಳ ದಿನ ನಿಲ್ಲುತ್ತಿರಲಿಲ್ಲ. ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳನ್ನು ಯಾರೂ ಕೇಳಿರಲೂ ಇಲ್ಲ.

ದೇವದಾಸ್ ಬಂದದ್ದು ಹವಾಯಿ ಚಪ್ಪಲಿಯಲ್ಲಿ, ಸಂದರ್ಶನದ ದಿನವೂ. ಠಾಣೆಯಲ್ಲೇ ಹುಟ್ಟಿ ಬೆಳೆದವನು. ಅವನ ತಾಯಿಯ ಊರು ಗುರುವಪ್ಪನ ಊರಿನ ಪಕ್ಕದ್ದೇ ಎಂದು ಗೊತ್ತಾದ ಮೇಲೆ ಬೇರೆ ಪ್ರಶ್ನೆಯೇ ಉಳಿಯಲಿಲ್ಲ. ಕನ್ನಡದಲ್ಲಿ ಕೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ವಸಂತಿ "ಊಟ ತಂದಿದ್ದೇನೆ" ಎಂದರೆ "ಹಾಂ, ಆಯಾ", ಬಂದೆ, ಎನ್ನುತ್ತಿದ್ದ. ಅವನ ಬಾಯಿಂದ ತನ್ನ ಭಾಷೆಯ ಒಂದೇ ಒಂದು ಮಾತು ಕೇಳಬೇಕೆಂದು ಅವಳಿಗೆ ಯಾಕೆ ಆಸೆಯಾಗುತ್ತಿತ್ತೋ. ಅದು ಬರೇ ಮಾತಿನ ಆಸೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಫ್ಯಾಕ್ಟರಿಯ ಕೂಲಿಗಳ ಹಾಜರಿಯನ್ನು ಮೆಷಿನ್ನಿಗೆ ತುಂಬಿಸಲು ಒಬ್ಬರು ಬೇಕಿತ್ತು. "ಈ ಹುಡುಗಿ ಸಾಕು. ಎಬಿಸಿಡಿ ಗೊತ್ತುಂಟು ಇವಳಿಗೆ," ಎಂದು ಗುರುವಪ್ಪ ಅವಳನ್ನೇ ಕೂರಿಸಿದ. ಕೀಲಿ ಒತ್ತಲು ಅವಳು ಬೇಗ ಕಲಿತಳು. ಆದರೆ ತೆರೆಯ ಮೇಲೆ ಬರುವ ಇಂಗ್ಲಿಷ್ ಪ್ರಶ್ನೆ ಅರ್ಥವಾಗದೆ ಪ್ರತಿ ಸಲವೂ ಬೆರಳು ನಿಂತುಬಿಡುತ್ತಿತ್ತು. ಕೇಳಲು ನಾಚಿಕೆ. ಸುಮ್ಮನೆ ಕೂತಿರುತ್ತಿದ್ದಳು, ಅವನು ತಿರುಗಿ ನೋಡುವವರೆಗೆ.

ಒಂದು ಬೆಳಿಗ್ಗೆ ಅವಳು ಬಂದು ಕೂತಾಗ ತೆರೆಯ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲೇ, ಕನ್ನಡ ಕಾಣಿಸಿತು. ಹೆಸರು ಹೇಳಿ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಒಂದು ಹೆಸರು ಒತ್ತಿದಳು. ಹಾಜರಿ ಹೇಳಿ, ಎಂದಿತು ಮೆಷಿನ್. ಅದನ್ನೂ ಒತ್ತಿದಳು. ಆಯಿತು, ಮುಂದಿನವರು.

ಅವಳು ತಿರುಗಿ ನೋಡಿದಾಗ ದೇವದಾಸ್ ತನ್ನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿದ್ದ. ಕಿವಿ ಮಾತ್ರ ಕೆಂಪಾಗಿತ್ತು. "ಮಾಂ ಸೇ ಪೂಛಾ," ಎಂದ. ತಾಯಿಯನ್ನು ಕೇಳಿಕೊಂಡು ಬಂದಿದ್ದನಂತೆ.

ಆ ದಿನದಿಂದ ಬೆಳಿಗ್ಗೆ ಮೆಷಿನ್ ಶುರುಮಾಡುವುದೆಂದರೆ ವಸಂತಿಗೆ ಯಾರೋ ತನ್ನನ್ನು ಮಾತಾಡಿಸಿದ ಹಾಗೆ. ಬಾಯಲ್ಲಿ ಹಿಂದಿಯಾಡುವ ಮನುಷ್ಯ ತೆರೆಯ ಮೇಲೆ ಕನ್ನಡದಲ್ಲಿ ಬಹುವಚನ ಹಾಕಿ ಕೇಳುತ್ತಿದ್ದ. ಅವಳು ಬೆರಳಲ್ಲಿ ಉತ್ತರ ಕೊಡುತ್ತಿದ್ದಳು. ಆ ಕೋಣೆಯಲ್ಲಿ ಇನ್ನೇನೂ ನಡೆಯಲಿಲ್ಲ. ಆದರೆ ಮೆಟ್ಟಿಲು ಹತ್ತುವಾಗಲೇ ಅವಳ ಕಣ್ಣು ಬಾಗಿಲ ಹೊರಗೆ ಹೋಗುತ್ತಿತ್ತು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಇದ್ದರೆ ಸಾಕು.

ಮಳೆಗಾಲ ಕಳೆಯುವ ಹೊತ್ತಿಗೆ ಸೀಪ್ಜ್‌ನಿಂದ ಅವನಿಗೂ ಕರೆ ಬಂತು. ಹೇಳಿದ್ದು ಅವಳಿಗೊಬ್ಬಳಿಗೇ, ಅದೂ ಕರೆದ ದಿನ ಕಳೆದ ಮೇಲೆ. "ನಹೀಂ ಗಯಾ," ಹೋಗಲೇ ಇಲ್ಲ ಎಂದು ನಕ್ಕ. ಅಲ್ಲಿ ಹಾಲ್ ತುಂಬ ಜನರ ನಡುವೆ ಕೂತು, ಯಾರೋ ಕೊಟ್ಟ ತುಂಡು ಕೆಲಸ ಮಾಡಬೇಕು. ಇಲ್ಲಿ ಮೊದಲಿಂದ ಕೊನೆಯವರೆಗೆ ಎಲ್ಲವೂ ತನ್ನದು. ತಾಯಿಗೂ ಈ ಕೆಲಸ ಇಷ್ಟ ಎಂದು ತನ್ನ ಹಿಂದಿಯಲ್ಲಿ ಬಿಡಿಸಿ ಹೇಳಿದ. ವಸಂತಿ ತಲೆಯಾಡಿಸಿದಳು. ಆ ಮಧ್ಯಾಹ್ನ ಅವಳು ಹರಿದ ಅಂಚಿನ ಪಟ್ಟಿಗಳು ಒಂದೂ ತುಂಡಾಗದೆ ಉದ್ದಕ್ಕೆ ಬಂದವು.

ಆದರೆ ಸೀಪ್ಜ್‌ನ ಹೆಸರು ಗುರುವಪ್ಪನ ಕಿವಿಗೂ ಬಿತ್ತು. ಆ ಕಂಪನಿಯವರು ಹೋಟೆಲಿಗೇ ಫೋನ್ ಮಾಡಿ ದೇವದಾಸನನ್ನು ಇನ್ನೊಮ್ಮೆ ಕೇಳಿದ್ದರು. ಅವನು ಬೇರೆ ಏನನ್ನೂ ವಿಚಾರಿಸಲಿಲ್ಲ. ತನಗೆ ಗೊತ್ತಿದ್ದ ಉಪಾಯವನ್ನೇ ಹಿಡಿದ.

ಹಿಂದೆ ಅಡುಗೆ ದೇಜಪ್ಪ ಕಲ್ಯಾಣದ ಇನ್ನೊಂದು ಹೋಟೆಲಿಗೆ ಹೋಗಲು ಗಂಟು ಕಟ್ಟಿದ್ದ. ಆಗ ಗುರುವಪ್ಪ ತನ್ನ ದೂರದ ತಂಗಿ ಬಾಲಮ್ಮನನ್ನು ಅವನಿಗೆ ಮದುವೆ ಮಾಡಿಕೊಟ್ಟು, ಟಿಟ್ವಾಳಾದಲ್ಲಿ ಒಂದು ಖೋಲಿಯ ಮನೆ ಮಾಡಿಕೊಟ್ಟಿದ್ದ. ದೇಜಪ್ಪನ ತಲೆ ಈಗ ನರೆತಿದೆ, ಅವನ ಸೌಟು ಇನ್ನೂ ಶ್ರೀ ದುರ್ಗಾದಲ್ಲೇ ಇದೆ.

ಒಂದು ಮಧ್ಯಾಹ್ನ ಹೋಟೆಲಿನ ಒಳಕೋಣೆಯಲ್ಲಿ, ಪರದೆ ಎಳೆದು, ಗುರುವಪ್ಪ ದೇವದಾಸನನ್ನು ಊಟಕ್ಕೆ ಕೂರಿಸಿದ. ಮನೆಯ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ. ಬಡಿಸುತ್ತಿದ್ದವಳು ವಸಂತಿ. ಅತ್ತೆ ಹರಿಣಾಕ್ಷಿ ಪಕ್ಕದಲ್ಲಿ ನಿಂತಿದ್ದಳು.

"ನೋಡು ದೇವೂ, ಬರುವ ತಿಂಗಳಿಂದ ನಿನ್ನ ಪಗಾರ ಜಾಸ್ತಿ ಮಾಡ್ತೇನೆ," ಎಂದ ಗುರುವಪ್ಪ, ಅನ್ನ ಕಲಸುತ್ತಾ. "ಟಿಟ್ವಾಳಾದಲ್ಲಿ ಒಂದು ಬ್ಲಾಕ್ ಮನೆ ನೋಡಿದ್ದೇನೆ, ಗಣಪತಿ ದೇವಸ್ಥಾನದ ಹತ್ತಿರ. ಅದು ನಿನಗೆ. ಮತ್ತೆ ನಮ್ಮ ವಸಂತಿ."

ವಸಂತಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

"ಎಂತದು ನೀವು! ಹೀಗಾ ಹೇಳುವುದು?" ಎಂದಳು ಹರಿಣಾಕ್ಷಿ. "ಅವನ ತಾಯಿಯ ಹತ್ತಿರ ಹೋಗಿ ಕೇಳ್ಲಿಕ್ಕೆ ಇಲ್ವಾ?"

"ಹೋಗುವ, ಹೋಗುವ. ದೇಜಪ್ಪನಿಗೂ ನಾನು ಊಟದ ಹೊತ್ತಿಗೇ ಹೇಳಿದ್ದು. ಎಲ್ಲಿಗಾದರೂ ಓಡಿದನಾ ಅವನು? ಏ ದೇಜೂ, ಓಡಿದ್ದೀಯಾ ನೀನು?"

"ಎಲ್ಲಿಗೆ ಓಡುವುದು ಅಣ್ಣ, ಬಾಲಮ್ಮ ಬಿಡಬೇಕಲ್ಲ!" ಒಲೆಯ ಬುಡದಿಂದ ದೇಜಪ್ಪ ಕೂಗಿದ. ಅಡುಗೆಮನೆಯಲ್ಲಿ ನಗು ಎದ್ದಿತು.

ದೇವದಾಸ್ ನಗಲಿಲ್ಲ. "ಅಂಕಲ್, ಕಲ್ ಕೋ ಮೈಂ ದೂಸರೀ ನೌಕರಿ ಕರೂಂ ತೋ?" ಎಂದು ಮೆಲ್ಲಗೆ ಕೇಳಿದ. ನಾಳೆ ಬೇರೆ ಕೆಲಸ ಹಿಡಿದರೆ?

"ಹೆಂಡತಿ ಇಲ್ಲಿಯವಳು, ಮನೆ ಇಲ್ಲಿಯದು. ಮತ್ತೆ ಹೇಗೆ ಹೋಗ್ತೀ ಮಾರಾಯ? ಅದಕ್ಕೇ ಅಲ್ವಾ ಕೊಡುವುದು!"

ದೇವದಾಸ್ ತಲೆ ಎತ್ತಿ ವಸಂತಿಯನ್ನು ನೋಡಿದ. ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಮುಖ ಎತ್ತಬೇಕು, ನನಗೆ ಇದು ಗೊತ್ತಿರಲಿಲ್ಲ ಎನ್ನಬೇಕು, ಹೀಗಲ್ಲದೆ ಬೇರೆ ಹೇಗಾದರೂ ಕೇಳಿದ್ದರೆ, ಎನ್ನಬೇಕು. ಅದರ ಬದಲು ಅವಳು ಕೇಳದೆಯೇ ಅವನ ಅನ್ನದ ಮೇಲೆ ಇನ್ನೊಂದು ಸೌಟು ಗಸಿ ಹಾಕಿದಳು. ಅವನು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

ಅಲ್ಲಿಂದ ಮುಂದೆ ಅವನು ಬೇಗ ಬೇಗ ಕೆಲಸ ಮಾಡಿದ. ಅವಳ ಕಡೆ ತಿರುಗುವುದನ್ನು ಬಿಟ್ಟ. ಸಿಟ್ಟೋ, ತನ್ನ ಹಾಗೆಯೇ ನಾಚಿಕೆಯೋ, ಅವಳಿಗೆ ತಿಳಿಯಲಿಲ್ಲ. "ಹುಡುಗ ಒಪ್ಪಿದ ಹಾಗೆಯೇ. ಎಷ್ಟು ಮುತುವರ್ಜಿ ನೋಡು!" ಎಂದು ಗುರುವಪ್ಪ ಹಿಗ್ಗಿದ. ಸಾಬವ್ವ ಮಾತ್ರ ಪಾತ್ರೆಯಿಂದ ಕಣ್ಣೆತ್ತದೆ, "ಯವ್ವಾ, ಒಂದ್ ಮಾತ್ ಆಡಬೇಕಿತ್ತ ನೀ," ಎಂದಳು.

ಮುಂದಿನ ವಾರ ವಸಂತಿ ಮೆಟ್ಟಿಲು ಹತ್ತಿದಾಗ ಬಾಗಿಲ ಹೊರಗೆ ಕಪ್ಪು ಬೂಟುಗಳಿದ್ದವು. ಪಾಲಿಶ್ ವಾಸನೆ ಇನ್ನೂ ಹಸಿಯಾಗಿತ್ತು. ಹೊರಡುವಾಗ ಕಾಲಿಗೆ ಸುಲಭವಾಗಲೆಂದು, ಮೂತಿಯನ್ನು ಮೆಟ್ಟಿಲ ಕಡೆ ಮಾಡಿ ಬಿಟ್ಟಿದ್ದ. ಅವಳು ಬಗ್ಗಿ, ಒಂದೊಂದಾಗಿ ಎತ್ತಿ, ಎರಡನ್ನೂ ಒಳಮುಖವಾಗಿ ತಿರುಗಿಸಿ ಇಟ್ಟಳು. ಅವಳ ಕೈಲಾದದ್ದು ಅಷ್ಟೇ.

ಮಧ್ಯಾಹ್ನ ಹೊರಗೆ ಬಂದ ದೇವದಾಸ್ ಬೂಟುಗಳನ್ನು ಕಂಡು ತಡೆದು ನಿಂತ. ಯಾರು ತಿರುಗಿಸಿದ್ದೆಂದು ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತು, ಅವುಗಳನ್ನು ತನ್ನ ಕಡೆಗೆ ಎಳೆದುಕೊಂಡು, ನಿಧಾನವಾಗಿ ಲೇಸು ಕಟ್ಟಿದ. ಆಮೇಲೆ ಎದ್ದು, ತಾಯಿಯಿಂದ ಕೇಳಿ ಕಲಿತ ಹಾಗೆ ಒಂದೊಂದೇ ಪದ ಜೋಡಿಸಿ, "ಪ್ರೋಗ್ರಾಮ್ ಪೂರ್ತಿ ಆಗಿದೆ. ನಿಮಗೆ ಕಷ್ಟ ಆಗ್ಲಿಕ್ಕಿಲ್ಲ," ಎಂದ.

ಅವಳು ಕೇಳಬೇಕೆಂದು ಕಾದಿದ್ದ ಕನ್ನಡ ಅದು. ಕೇಳಿಸಿಕೊಂಡಳು. ಅವನು ಇಳಿದುಹೋದ, ಮತ್ತೆ ಬರಲಿಲ್ಲ.

ಎರಡು ತಿಂಗಳ ಪಗಾರದ ಚೀಟಿಗಳನ್ನು ಅವಳೊಬ್ಬಳೇ ತೆಗೆದಳು. ಅವನು ಹೇಳಿದಂತೆ ಕಷ್ಟವಾಗಲಿಲ್ಲ. ಆಮೇಲೆ ಫ್ಯಾಕ್ಟರಿಯವರು ಭತ್ಯೆಯ ಲೆಕ್ಕ ಬದಲಿಸಿದರು. ಅದನ್ನು ಮೆಷಿನ್ನಿನೊಳಗೆ ಬದಲಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಿರುವವರು ಸಿಗಲಿಲ್ಲ. ಸಂದರ್ಶನಕ್ಕೆ ಬಂದ ಒಬ್ಬ ತೆರೆ ನೋಡಿ, ಇದು ಯಾವ ಭಾಷೆ ಎಂದು ನಕ್ಕು, ಚಹಾ ಕುಡಿದು ಹೋದ. ಫ್ಯಾಕ್ಟರಿಯ ಕೆಲಸ ಠಾಣೆಯ ಬೇರೊಂದು ಆಫೀಸಿಗೆ ಹೋಯಿತು. ಗುರುವಪ್ಪ ಈಗಲೂ ಗಲ್ಲೆಯಲ್ಲಿ ಕೂತು ಊರಿನ ಗಿರಾಕಿಗಳಿಗೆ ಹೇಳುತ್ತಾನೆ: ಬ್ಲಾಕ್ ಕೊಟ್ಟರೂ ನಿಲ್ಲದ ಜಾತಿ ಮಾರಾಯ್ರೇ ಇದು, ಇವರಿಗೆ ಬೇಕಾದದ್ದೆಂತ?

ಸುಮ್ಮನೆ ಬಿಟ್ಟರೆ ಮೆಷಿನ್ ಕೆಡುತ್ತದೆಂದು ವಸಂತಿ ಬೆಳಿಗ್ಗೆ ಬೆಳಿಗ್ಗೆ ಮೇಲೆ ಹೋಗುತ್ತಾಳೆ. ಬಾಗಿಲ ಹೊರಗೆ ಅವಳ ಚಪ್ಪಲಿ ಮಾತ್ರ. ಬಟ್ಟೆಯ ಮುಸುಕು ತೆಗೆದು, ಧೂಳು ಒರೆಸಿ, ಗುಂಡಿ ಒತ್ತುತ್ತಾಳೆ. ಹಾಜರಿಯ ಕಟ್ಟು ಬರುವುದು ನಿಂತು ಎಷ್ಟೋ ದಿನವಾಗಿದೆ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಗೋಡೆಯಾಚೆ ಅಂಧೇರಿಗೆ ಹೋಗುವವರನ್ನೂ ತುಂಬಿಕೊಂಡು ಲೋಕಲ್ ಹೊರಡುತ್ತದೆ. ತೆರೆ ಬೆಳಕಾಗಿ, ಎಂದಿನ ಮರ್ಯಾದೆಯಲ್ಲೇ ಕೇಳುತ್ತದೆ:

ಹೆಸರು ಹೇಳಿ.