ಸೋಮವಾರದ ಮಾತ್ರೆ

ಜಂಬಣ್ಣ ಕೇಳಿದ್ದು ಬಾಯಿಹುಣ್ಣಿನ ಮುಲಾಮು. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಆ ಔಷಧಿ ಅಂಗಡಿಯಲ್ಲಿ ದಿನಕ್ಕೆ ಹತ್ತು ಜನ ಕೇಳುವ ಸಾಮಾನು. ಫಾರ್ಮಸಿಸ್ಟ್ ಸಹನಾ ಅದನ್ನು ಕಣ್ಣು ಮುಚ್ಚಿಕೊಂಡೇ ತೆಗೆಯಬಲ್ಲಳು. ತೆಗೆದು ಮುಂದಿಟ್ಟೂ ಬಿಟ್ಟಳು.

“ಯಾರಿಗೆ ಜಂಬಣ್ಣ? ನಿಮಗಾ?”

“ನನಗಲ್ಲವ್ವ, ನಮ್ಮ ಮನೆಯೋಳು ವೀರಮ್ಮಗೆ. ನಾಕು ದಿನದಿಂದ ಬಾಯೆಲ್ಲ ಕೆಂಡ ಆಗೈತೆ. ಮುದ್ದೆ ಇರ್ಲಿ, ನೀರು ನುಂಗಾಕೂ ಆಗವಲ್ದು. ಉಷ್ಣ ಅಂತ ಮಜ್ಜಿಗೆ ಕುಡಿಸ್ದೆ, ಜೀರಿಗೆ ನೀರು ಕೊಟ್ಟೆ. ಇಂಗ್ಲಿಷ್ ಮಾತ್ರೆ ಅಂದ್ರೆ ಉಷ್ಣಾನೇ ಬಿಡು.” ಅಂಗಿ ಜೇಬಿನಿಂದ ಖಾಲಿ ಶೀಟೊಂದನ್ನು ತೆಗೆದು ಗಾಜಿನ ಮೇಲಿಟ್ಟ. “ಹಂಗೇ ಇದೂ ಒಂದು ಕೊಡು. ನಿನ್ನೆಗೆ ಮುಗೀತು.”

ಸಹನಾ ಶೀಟನ್ನು ತಿರುಗಿಸಿದಳು. ಹತ್ತಕ್ಕೆ ಹತ್ತೂ ಖಾಲಿ. ಹೆಸರನ್ನು ಇನ್ನೊಮ್ಮೆ ಓದಿದಳು.

ಅದು ಕೀಲುವಾತದ ಮಾತ್ರೆ. ವಾರಕ್ಕೆ ಒಂದೇ ಒಂದು ನುಂಗಬೇಕು. ದಿನಾ ನುಂಗಿದರೆ ಮೊದಲು ಬಾಯಿ ಹುಣ್ಣಾಗುತ್ತದೆ, ಆಮೇಲೆ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಗುತ್ತದೆ. ಹತ್ತು ವಾರ ಬರಬೇಕಾಗಿದ್ದ ಶೀಟು ಅದು. ಸಹನಾ ಕೊಟ್ಟು ಇನ್ನೂ ಹನ್ನೊಂದೇ ದಿನವಾಗಿತ್ತು.

“ಸೋಮವಾರ ಮಾತ್ರ ಇದು, ಉಳಿದ ಆರು ದಿನ ಜೊತೆಗೆ ಕೊಟ್ಟ ಆ ರಕ್ತದ ಮಾತ್ರೆ ಅಂತ ಹೇಳಿದ್ನಲ್ಲ ಜಂಬಣ್ಣ!”

“ಹೇಳಿದ್ದೆ ಕಣವ್ವ, ಇಲ್ಲ ಅನ್ನಲ್ಲ. ಆದ್ರೆ ಸೋಮವಾರ ನಮ್ಮನೇಲಿ ಉಪವಾಸ ಅಲ್ವಾ? ಖಾಲಿ ಹೊಟ್ಟೇಲಿ ಜೋರಿನ ಮಾತ್ರೆ ತಡೆಯಲ್ಲ ಅಂತ ವೀರಮ್ಮ ಅದಲುಬದಲು ಮಾಡ್ಕಂಡ್ಳು. ಸೋಮವಾರ ರಕ್ತದ್ದು, ಉಂಡ ದಿನ ಇದು. ನಾನೂ ಸರಿಯಾಗೇ ಐತೆ ಅಂದ್ಕಂಡೆ.”

ಡಾಕ್ಟರು ಚೀಟಿಯಲ್ಲಿ ವಾರಕ್ಕೊಮ್ಮೆ ಎಂದಷ್ಟೇ ಬರೆದಿದ್ದರು. ಸೋಮವಾರ ಎಂದು ದಿನ ಗೊತ್ತುಮಾಡಿದವಳು ಸಹನಾ. ಶಿವನಿಗೆ ನಡೆದುಕೊಳ್ಳುವ ಮನೆ, ಸೋಮವಾರವನ್ನು ಮರೆಯುವುದಿಲ್ಲ ಎಂದು ತನ್ನ ಜಾಣತನಕ್ಕೆ ತಾನೇ ಬೀಗಿದ್ದಳು. ಓದಿದವರ ಬುದ್ಧಿ! ಆ ದಿನ ನೀವು ಊಟ ಮಾಡುತ್ತೀರಾ ಎಂದು ಒಂದು ಮಾತು ಕೇಳಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ನಾಲ್ಕೇ ಮಾತ್ರೆ ಕತ್ತರಿಸಿ ಕೊಡಬಹುದಿತ್ತು. ಶೀಟು ಕತ್ತರಿಸಿದರೆ ಮಿಕ್ಕಿದ್ದನ್ನು ಯಾರು ಕೊಳ್ಳುತ್ತಾರೆ ಎಂದು ಮಾಲೀಕ ಮುರುಗೇಶಪ್ಪ ಗೊಣಗುತ್ತಾನೆಂದು ಪೂರ್ತಿ ಕೊಟ್ಟುಬಿಟ್ಟಿದ್ದಳು.

ಆ ಮುರುಗೇಶಪ್ಪ ಗಲ್ಲಾದ ಮುಂದೆಯೇ ಕೂತಿದ್ದ. ಸಾಲದವರು ಕರೆದರೆ ಕೇಳದ ಕಿವಿಗೆ ಇದು ಮಾತ್ರ ಚೆನ್ನಾಗಿ ಕೇಳಿಸಿತ್ತು. ಸಹನಾಳನ್ನು ಕಪಾಟಿನ ಹಿಂದಕ್ಕೆ ಕರೆದು ಪಿಸುಗುಟ್ಟಿದ. “ದುರ್ಗದ ಆಸ್ಪತ್ರೆಗೆ ಹೋಗ್ರಿ ಅಂತ ಹೇಳಿ ಕಳಿಸು ಅಷ್ಟೇ. ಅದಲುಬದಲು ಮಾಡ್ಕಂಡೋರು ಅವ್ರು. ನೀನು ಬಾಯಿ ಬಿಟ್ರೆ ಅಂಗಡಿಗೆ ಬೀಗ ಬೀಳ್ತೈತೆ, ನಿನ್ನ ರಿಜಿಸ್ಟ್ರೇಷನ್ನೂ ಹೋಗ್ತೈತೆ.”

ಸಹನಾ ಬಿಳಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು. “ಮನೆಗೆ ಫೋನ್ ಮಾಡ್ರಿ ಜಂಬಣ್ಣ. ಯಾರದಾದ್ರೂ ಕಾರಲ್ಲಿ ವೀರಮ್ಮನ್ನ ಕರ್ಕಂಡು ಬರ್ಲಿ. ದುರ್ಗಕ್ಕೆ ನಾನೂ ಬರ್ತೀನಿ.”

ಅವರ ಊರಾದ ಚಿಕ್ಕಜಾಜೂರಿನಿಂದ ಪಕ್ಕದ ಮನೆಯವರ ಕಾರು ಬರಲು ಅರ್ಧ ಗಂಟೆ ಹಿಡಿಯಿತು. ಹಿಂದಿನ ಸೀಟಿನಲ್ಲಿ ವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒರಗಿದ್ದಳು. ಸೆರಗಿನ ಅಂಚಿನಲ್ಲಿ ರಕ್ತದ ಕಲೆ. ತೋಳಿನ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆ ಎದ್ದಿದ್ದವು. ಸಹನಾ ಕೈ ಹಿಡಿದು ನೋಡಿದಳು, ಮೈ ಸುಡುತ್ತಿತ್ತು.

“ಅಂಗಡಿ ಬಿಟ್ಟು ನೀನ್ಯಾಕವ್ವ ಬಂದೆ?” ಎಂದಳು ವೀರಮ್ಮ, ತುಟಿ ಅಲ್ಲಾಡಿಸದೆ. ಸಹನಾಳಿಗೆ ಆ ಗಳಿಗೆಯಲ್ಲಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಚಿತ್ರದುರ್ಗದ ನರ್ಸಿಂಗ್ ಹೋಮಿನಲ್ಲಿ ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರ ಮುಖ ಬಿಗಿಯಾಯಿತು. “ಬಿಳಿ ರಕ್ತಕಣ ತುಂಬಾ ಇಳಿದಿದಾವೆ. ಆ ಮಾತ್ರೆಯ ವಿಷ ಇಳಿಸೋಕೆ ಒಂದು ಇಂಜೆಕ್ಷನ್ ಇದೆ, ನಮ್ಮ ಹತ್ರ ಸ್ಟಾಕ್ ಇಲ್ಲ. ಎಲ್ಲಿಂದಾದ್ರೂ ತರಿಸ್ರಿ. ಒಂದೊಂದು ಗಂಟೆನೂ ಲೆಕ್ಕ.”

ಸಹನಾ ಊರಿನ ಏಳು ಅಂಗಡಿಗೆ ಫೋನು ಮಾಡಿದಳು. ಎಲ್ಲೂ ಇರಲಿಲ್ಲ. ಉಳಿದದ್ದು ಜಿಲ್ಲೆಯ ಔಷಧಿ ಅಂಗಡಿಯವರ ವಾಟ್ಸಪ್ ಗ್ರೂಪು. ಮುನ್ನೂರು ಜನ ಅದರಲ್ಲಿ, ಮುರುಗೇಶಪ್ಪನೂ ಒಬ್ಬ. ಇಂಜೆಕ್ಷನ್ನಿನ ಹೆಸರು ಹಾಕಿ ತುರ್ತಾಗಿ ಬೇಕು ಎಂದು ಬರೆದಳು.

“ಇದು ಕ್ಯಾನ್ಸರ್ ಪೇಷಂಟಿಗೆ ಕೊಡೋದಲ್ವಾ ಮೇಡಂ?” ಎಂದು ಒಬ್ಬರು. “ಇವತ್ತು ಶನಿವಾರ. ಸೋಮವಾರ ತರಿಸಿಕೊಟ್ರೆ ನಡೀತದಾ?” ಎಂದು ಇನ್ನೊಬ್ಬರು.

ಸಹನಾ ಉತ್ತರ ಬರೆಯತೊಡಗಿದಳು. ಎರಡು ಸಲ ಬರೆದು ಅಳಿಸಿದಳು. ಮೂರನೆಯ ಸಲ ಅಳಿಸಲಿಲ್ಲ. “ನಡೆಯಲ್ಲ. ಕೀಲುವಾತದ ವಾರದ ಮಾತ್ರೆ ಹನ್ನೊಂದು ದಿನದಲ್ಲಿ ಹತ್ತು ಹೋಗಿದೆ. ಸೋಮವಾರ ತಗೊಳ್ಳಿ ಅಂದವಳು ನಾನು. ಅವರ ಮನೆಯಲ್ಲಿ ಸೋಮವಾರ ಉಪವಾಸ, ಅದಕ್ಕೇ ಅದಲುಬದಲಾಯಿತು. ನಾನು ಕೇಳಲಿಲ್ಲ. ತಪ್ಪು ನನ್ನದು. ದಯವಿಟ್ಟು ಈಗಲೇ ಬೇಕು.”

ಐದು ನಿಮಿಷದಲ್ಲಿ ಹಿರಿಯೂರಿನ ಅಂಗಡಿಯೊಂದರಿಂದ ಫೋನೇ ಬಂತು. “ಎರಡು ಅವೆ ಕಣಮ್ಮ. ನಾಕೂಕಾಲಿನ ಬಸ್ಸಿನ ಡ್ರೈವರ್ ಕೈಲಿ ಕೊಡ್ತೀನಿ, ಐಸ್ ಹಾಕಿರ್ತೀನಿ. ನೀನು ಸ್ಟ್ಯಾಂಡಲ್ಲೇ ನಿಂತಿರು.”

ಜಂಬಣ್ಣನಿಗೂ ಅವಳು ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

ಬಸ್ಸು ಬಂದು, ಪೊಟ್ಟಣ ಎದೆಗವಚಿಕೊಂಡು ಸಹನಾ ಓಡಿಬಂದು, ಮೊದಲ ಇಂಜೆಕ್ಷನ್ ಇಳಿಯುವಾಗ ಆರು ಗಂಟೆ. “ಇನ್ನೆರಡು ದಿನ ತಡ ಆಗಿದ್ರೆ ನನ್ನ ಕೈಲೂ ಏನೂ ಆಗ್ತಿರಲಿಲ್ಲ,” ಎಂದರು ಡಾಕ್ಟರು. “ಈಗ ಉಳ್ಕೊಳ್ತಾರೆ ಅನ್ಸುತ್ತೆ.”

ಹೊರಗಿನ ಬೆಂಚಿನ ಮೇಲೆ ಕೂತು ಸಹನಾ ಫೋನು ತೆರೆದಳು. ಗ್ರೂಪಿನಲ್ಲಿ ಮುರುಗೇಶಪ್ಪ ಎಲ್ಲರಿಗೂ ಕಾಣುವಂತೆ ಹಾಕಿದ್ದ: “ಸಹನಾ ಇವತ್ತಿನಿಂದ ನಮ್ಮ ಅಂಗಡಿಯವರಲ್ಲ.”

ಅದರ ಕೆಳಗೆ ಹೊಸದುರ್ಗದ ತಿಮ್ಮರಾಯಪ್ಪನವರ ಮೆಸೇಜು. ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವ ಹಿರಿಯರು, ದಿನಾ ಬೆಳಗ್ಗೆ ಹೂವಿನ ಚಿತ್ರ ಬಿಟ್ಟರೆ ಬೇರೇನೂ ಹಾಕಿದವರಲ್ಲ.

“ಈ ಮಾತ್ರೆಗೆ ನಾನೂ ಸೋಮವಾರ ಅಂತಲೇ ಹೇಳ್ತೀನಮ್ಮ. ಮೂರು ಜನಕ್ಕೆ ಹೇಳಿದೀನಿ. ಈಗ ಫೋನ್ ಮಾಡಿ ಕೇಳಿದೆ, ಇಬ್ಬರು ಸರಿಯಾಗಿ ತಗೋತಿದಾರೆ. ಇನ್ನೊಬ್ಬರು ಫೋನ್ ಎತ್ತುತ್ತಿಲ್ಲ. ಅವರ ಮನೆಗೆ ಬೈಕ್ ತಗೊಂಡು ಹೊರಟಿದೀನಿ.”