ತವರದ ಪೊರೆ

"ಮೊದಲು ನನ್ನ ಕುರ್ಚಿಯಿಂದ ಇಳಿ, ಆಮೇಲೆ ಮಾತು," ಎಂದಳು ಕುಲಾಶ್ ಅಜ್ಜಿ.

ಬಾಲ್ಜಾನ್ ಇಳಿಯಲಿಲ್ಲ. ಒಲೆಯ ಮೇಲಿನ ಗೋಡೆಗೆ ಜಡಿದಿದ್ದ ಬಿಳಿ ಪೆಟ್ಟಿಗೆಯ ಒಂದು ಸ್ಕ್ರೂ ಆಗಲೇ ಅವಳ ತುಟಿಗಳ ನಡುವೆ ಇತ್ತು, ಇನ್ನೊಂದು ಹಟ ಹಿಡಿದಿತ್ತು. ಕರಗಂಡಾ ನಗರದ ಅಂಚಿನ ಈ ಗಣಿ ಕೆಲಸಗಾರರ ಬೀದಿಯಲ್ಲಿ ಹೋದ ವಾರವಷ್ಟೇ ಮನೆಮನೆಗೂ ಇಂಥ ಪೆಟ್ಟಿಗೆ ಹಾಕಿದ್ದರು. ಕಲ್ಲಿದ್ದಲ ಒಲೆಯಿಂದ ವಾಸನೆಯಿಲ್ಲದ ವಿಷಗಾಳಿ ಸೋರಿದರೆ ಇದು ಕೂಗಿ ಎಬ್ಬಿಸುತ್ತದೆ ಎಂದಿದ್ದರು. ಹಿಂದಿನ ಚಳಿಗಾಲದಲ್ಲಿ ಎದುರು ಮನೆಯ ಗಂಡ ಹೆಂಡತಿ ಮಲಗಿದವರು ಮತ್ತೆ ಏಳಲಿಲ್ಲ. ಅಜ್ಜಿ ದಿನವೂ ಆ ಪೆಟ್ಟಿಗೆಯ ಧೂಳು ಒರೆಸುತ್ತಿದ್ದಳು.

ಪೆಟ್ಟಿಗೆಯ ಜೀವವೆಲ್ಲ ಒಳಗಿನ ಗಾಜಿನ ಚೂರಿನಲ್ಲಿತ್ತು. ಅದರ ಮೇಲೆ ತವರದ ಆಕ್ಸೈಡಿನ ಕಣ್ಣಿಗೆ ಕಾಣದ ಪೊರೆ, ಒಂದೇ ಒಂದು ಕಣದಷ್ಟು ದಪ್ಪ. ಪ್ರತಿಯೊಂದು ಪೊರೆಯನ್ನೂ ಸಂಶೋಧನಾಲಯದಲ್ಲಿ ಬಾಲ್ಜಾನಳೇ ಮಾಡಿದ್ದಳು. ತೊಟ್ಟಿಯ ನೀರು ಅಲುಗದೆ ನಿಂತಾಗ ಕಣಗಳನ್ನು ಹನಿಹನಿಯಾಗಿ ಅದರ ಮೈಮೇಲೆ ಬಿಡಬೇಕು. ತೇಲುವ ಆ ಕಣಗಳನ್ನು ಎರಡೂ ಕಡೆಯ ಪಟ್ಟಿಗಳಿಂದ ಮೆಲ್ಲಗೆ ಒತ್ತಿ, ಒಂದಕ್ಕೊಂದು ತಾಗಿ ಕೂತ ಮೇಲೆ ಗಾಜನ್ನು ನೀರಿನಿಂದ ಮೇಲೆತ್ತಬೇಕು. ಯಾರಾದರೂ ಬಾಗಿಲು ಬಡಿದರೂ ಸಾಕು, ಪೊರೆ ಸುಕ್ಕುಗಟ್ಟುತ್ತದೆ. ಒಣ ಗಾಳಿಯಲ್ಲಿ ಅದು ವಿಷವನ್ನು ತಕ್ಷಣ ಹಿಡಿಯುತ್ತಿತ್ತು. ಆದರೆ ಆವಿ ತುಂಬಿದಲ್ಲಿ ನೀರು ಕಣಗಳಿಗೆ ಅಂಟಿ ಕೂತು ವಿಷಕ್ಕೆ ಜಾಗವನ್ನೇ ಕೊಡುತ್ತಿರಲಿಲ್ಲ. ಪೊರೆ ಕಿವುಡಾಗುತ್ತಿತ್ತು.

ಇದನ್ನು ಅವಳು ಸಂಶೋಧನಾಲಯದ ಮುಖ್ಯಸ್ಥರಾದ ತನ್ನ ಗುರು ಯೆಸೆನ್ ಅಗಾಯ್ ಅವರಿಗೆ ಬಿಡಿಸಿ ಹೇಳಿದ್ದಳು. ಅವರು ಚಹಾ ಬಗ್ಗಿಸಿಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಪೆಟ್ಟಿಗೆ ಹಾಕುವುದನ್ನು ತೋರಿಸಲು ಟೀವಿಯವರಿಗೆ ದಿನ ಗೊತ್ತುಮಾಡಿ ಆಗಿದೆ, ಅವರು ಹೋದ ಸಂಜೆಯೇ ಎಲ್ಲವನ್ನೂ ವಾಪಸ್ ತರಿಸುತ್ತೇನೆ ಎಂದು ಮಾತು ಕೊಟ್ಟರು. ತರಿಸಲಿಲ್ಲ. ಇವತ್ತು ಬೆಳಿಗ್ಗೆ ಕೇಳಿದಾಗ, ಜನ ಖುಷಿಯಾಗಿದ್ದಾರಲ್ಲ ಇರಲಿ ಬಿಡು, ಬೇಸಗೆಯಲ್ಲಿ ಸರಿಮಾಡಿದರಾಯಿತು ಎಂದು ನಕ್ಕರು. ಬಾಲ್ಜಾನ್ ಅಲ್ಲಿಂದ ಎದ್ದಳು. ಸ್ಕ್ರೂಡ್ರೈವರನ್ನೂ ಪರೀಕ್ಷೆಯ ಅನಿಲದ ಪುಟ್ಟ ಡಬ್ಬಿಯನ್ನೂ ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದ್ದಳು.

"ಕೊಟ್ಟಿದ್ದನ್ನ ಕಿತ್ಕೊಂಡು ಹೋಗೋಕೆ ಬಂದಿದೀಯಲ್ಲ, ನಾಚಿಕೆ ಆಗಲ್ವಾ?" ಅಜ್ಜಿ ಕುರ್ಚಿಯ ಕಾಲು ಹಿಡಿದಳು. "ಯಾವ ಸಾಹೇಬರ ಮನೆಗೆ ಬೇಕಂತೆ ಇದು?"

"ಯಾರಿಗೂ ಅಲ್ಲ ಅಜ್ಜಿ. ಇದು ಕೆಲಸ ಮಾಡಲ್ಲ."

"ಮಾಡಲ್ಲ ಅಂದ್ರೆ ಹಸಿರು ದೀಪ ಯಾಕೆ ಉರೀತಿದೆ? ಓದಿದೋಳು, ಸುಳ್ಳಾದ್ರೂ ನೆಟ್ಟಗೆ ಹೇಳು."

ಒಲೆಯ ಮೇಲೆ ಕುದುರೆ ಮಾಂಸ ಕುದಿಯುತ್ತಿತ್ತು. ಅದರ ಆವಿ ಕಟ್ಟಿ ಕಿಟಕಿಯ ಗಾಜಿನಿಂದ ನೀರು ಇಳಿಯುತ್ತಿತ್ತು. ಬಾಲ್ಜಾನ್ ಚೀಲದಿಂದ ಡಬ್ಬಿ ತೆಗೆದು, ಇದರಲ್ಲಿರುವುದು ಅದೇ ವಿಷ, ತೀರಾ ಸ್ವಲ್ಪ ಎಂದು ಹೇಳಿ, ಪೆಟ್ಟಿಗೆಯ ಮೂತಿಗೇ ಹಿಡಿದು ಒತ್ತಿದಳು. ಮತ್ತೊಮ್ಮೆ ಒತ್ತಿದಳು.

ಪೆಟ್ಟಿಗೆ ಉಸಿರೆತ್ತಲಿಲ್ಲ. ಹಸಿರು ದೀಪ ಹಾಗೇ ಉರಿಯುತ್ತಿತ್ತು.

ಮೂಲೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಸೊಸೆ ಮೆಲ್ಲಗೆ, "ಅತ್ತೆ, ಕಿಟಕಿ," ಎಂದಳು.

ಅಜ್ಜಿ ತಿರುಗಿ ನೋಡಿದಳು. ಪೆಟ್ಟಿಗೆ ಬಂದ ಮರುದಿನವೇ ಅವರು ಕಿಟಕಿಯ ಸಂದುಗಳಿಗೆಲ್ಲ ಕಾಗದ ಅಂಟಿಸಿದ್ದರು. ಕಾವು ಹೋಗದಿರಲೆಂದು ಹೊಗೆಗೂಡಿನ ಮುಚ್ಚಳವನ್ನೂ ಮಲಗುವ ಮುಂಚೆಯೇ, ಕೆಂಡ ಆರದಿದ್ದರೂ, ಎಳೆದು ಮುಚ್ಚಿಬಿಡುತ್ತಿದ್ದರು. ಹೇಗೂ ಪೆಟ್ಟಿಗೆ ಎಬ್ಬಿಸುತ್ತಲ್ಲ ಎಂಬ ಧೈರ್ಯ. ಅಜ್ಜಿ ಕುರ್ಚಿಯ ಕಾಲು ಬಿಟ್ಟಳು.

ಅಷ್ಟರಲ್ಲಿ ಬಾಲ್ಜಾನಳ ಫೋನು ಬಡಿದುಕೊಂಡಿತು. ಇಲ್ಲಿಗೆ ಬರುವ ಮುಂಚೆ ಅವಳು ಪೆಟ್ಟಿಗೆ ಬಿಚ್ಚಲು ಹೋಗಿದ್ದ ಮನೆಯವರು ಗುರುವಿಗೆ ದೂರಿದ್ದರು. ಅಗಾಯ್ ಅವರ ಗಂಟಲು ಅಡುಗೆಮನೆಯಲ್ಲೆಲ್ಲ ಕೇಳಿಸುತ್ತಿತ್ತು. "ನಿನ್ನನ್ನ ಬೆಳೆಸಿದ್ದು ನಾನು. ಈಗ ಬೀದಿಬೀದೀಲಿ ನನ್ನ ಹೆಸರು ಕೆಡಿಸ್ತಿದೀಯಾ?"

"ನಿಮ್ಮ ಹೆಸರು ಇವರ ಗೋಡೆ ಮೇಲಿದೆ ಅಗಾಯ್. ಅದನ್ನೇ ಬಿಚ್ತಾ ಇದೀನಿ."

"ನಾಳೆ ಸಂಶೋಧನಾಲಯದ ಕಡೆ ಕಾಲಿಟ್ಟೆಯೋ—"

"ಇಲ್ಲಿ ಕೊಡು," ಎಂದು ಅಜ್ಜಿ ಫೋನು ಕಿತ್ತುಕೊಂಡಳು. ಅವಳ ದನಿ ಏರಲಿಲ್ಲ. "ಟೀವೀಲಿ ನನ್ನ ಮೊಮ್ಮಗೂನ ಎತ್ಕೊಂಡು ನಿಂತಿದ್ದೋನು ನೀನೇ ತಾನೆ? ಇವತ್ತು ಬಂದು ನಮ್ಮನೇಲಿ ಮಲಗು. ಕಿಟಕಿ ಮುಚ್ಚಿರ್ತೀನಿ. ಒಲೆ ತುಂಬ ಕಲ್ಲಿದ್ದಲು ಹಾಕಿರ್ತೀನಿ. ಬಾರಪ್ಪ."

ಆ ಕಡೆಯಿಂದ ಸಂಪರ್ಕ ಕಡಿಯಿತು.

ಸೊಸೆ ಮಗುವನ್ನು ಹಾಸಿಗೆಯ ಮೇಲಿಟ್ಟು ಕಾಗದವನ್ನು ಉಗುರಿನಿಂದ ಹರಿಯತೊಡಗಿದಳು. ಬಾಲ್ಜಾನ್ ಎರಡನೆಯ ಸ್ಕ್ರೂವನ್ನೂ ಬಿಚ್ಚಿ ಪೆಟ್ಟಿಗೆಯನ್ನು ಚೀಲಕ್ಕೆ ಎಸೆದಳು. ಅಷ್ಟು ವರ್ಷ ಉಸಿರು ಬಿಗಿಹಿಡಿದು ಮಾಡಿದ ಪೊರೆ ಒಳಗೆ ಒಡೆಯಿತೋ ಏನೋ, ನೋಡಲಿಲ್ಲ. ಅಜ್ಜಿ ಅವಳಿಗೆ ಕ್ಷಮಿಸು ಎನ್ನಲಿಲ್ಲ, ಚಹಾ ಕುಡಿ ಎನ್ನಲೂ ಇಲ್ಲ.

"ಇದನ್ನ ಮಾಡಿದ್ದು ನೀನೇನಾ?" ಎಂದು ಮಾತ್ರ ಕೇಳಿದಳು.

"ಹೂಂ."

"ಹಾಗಾದ್ರೆ ನಡಿ. ಒಬ್ಬಳೇ ಹೋದ್ರೆ ಯಾರೂ ಬಾಗಿಲು ತೆಗೆಯಲ್ಲ."

ಶಾಲು ಬಿಗಿದುಕೊಂಡು, ರಬ್ಬರ್ ಚಪ್ಪಲಿಯಲ್ಲೇ ಅವಳು ಹಿಮಕ್ಕೆ ಇಳಿದಳು. ಮಸಿ ಬಿದ್ದು ಹಿಮ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಮನೆಯ ಗೇಟನ್ನು ಮುಷ್ಟಿಯಿಂದ ಗುದ್ದಿದಳು. ನಾಯಿ ಬೊಗಳಿತು. ಯಾರೋ ಬಾಗಿಲು ತೆರೆದರು. ಒಳಗಿನ ಬಿಸಿ ಆವಿ ಬೆಳ್ಳಗೆ ಹೊರಗೆ ಉಕ್ಕಿ, ಹೊಸ್ತಿಲಲ್ಲಿ ನಿಂತವರ ಮುಖ ಕಾಣದಂತೆ ಮಾಡಿತು.